ಮೂವತ್ತೊಂದನೆಯ ಕರೆ

ಸರ್ಕಾರಿ ಸಿ.ಡಿ.ಯಲ್ಲಿ ನಲವತ್ತಾರು ಕರೆಗಳಿವೆ.
ದೋಷಾರೋಪಣ ಪಟ್ಟಿಗೆ ಬೇಕಾದದ್ದು ಒಂದೇ, ಇಪ್ಪತ್ತೆಂಟನೆಯದು,
ಒಂಬತ್ತು ಸೆಕೆಂಡು:
ದೋ ಬಜೇ ಆಗ್ ಲಗಾ ದೇ, ಜಬೀವುಲ್ಲಾ.
ಕೆಳಗೆ ಹೆಡ್ ಕಾನ್‌ಸ್ಟೇಬಲ್ ತಿಪ್ಪೇರುದ್ರಪ್ಪನವರ ದುಂಡನೆ ಅಕ್ಷರ:
ಎರಡು ಗಂಟೆಗೆ ಬೆಂಕಿ ಹಚ್ಚಿಬಿಡು.

ಅನುವಾದ ತಪ್ಪಿಲ್ಲ. ಅದೇ ಕಷ್ಟ.
ಆ ರಾತ್ರಿ ಎರಡು ನಲವತ್ತಕ್ಕೆ ಊರಿನ ಆ ತುದಿಯಲ್ಲಿ
ಹತ್ತಿ ಗೋದಾಮು ಹತ್ತಿಕೊಂಡದ್ದೂ ನಿಜ.

ಮಂಡಕ್ಕಿ ಭಟ್ಟಿಗಳ ಕಡೆ ಬೆಳೆದವರಿಗೆ ಗೊತ್ತು,
ದಾವಣಗೆರೆಯಲ್ಲಿ ದಿನಾ ರಾತ್ರಿ ಎರಡಕ್ಕೆ ಬೆಂಕಿ ಹಚ್ಚುತ್ತಾರೆ.
ಹೊಟ್ಟು ಹಿಡಿದುಕೊಳ್ಳಬೇಕು, ಮರಳು ಕಾಯಬೇಕು,
ಊರು ಏಳುವುದರೊಳಗೆ ಚೀಲ ತುಂಬಬೇಕು.
ಒಲೆ ಎಂಬ ಶಬ್ದ ಅಲ್ಲಿ ಯಾರೂ ಎತ್ತುವುದಿಲ್ಲ,
ಗಂಡನ ಹೆಸರು ಹೇಳದ ಹೆಂಗಸಿನ ಹಾಗೆ.

ಪಾಟೀಸವಾಲು.
ಕದ್ದು ಕೇಳಲು ಶುರುಮಾಡಿದ್ದು?
ಹನ್ನೊಂದನೇ ತಾರೀಕು.
ಅನುಮತಿಗೆ ಸಹಿ ಬಿದ್ದದ್ದು?
ಹದಿನಾಲ್ಕು.
ಮಧ್ಯೆ ಮೂರು ದಿನ ಯಾವ ಕಾನೂನಿನಲ್ಲಿ ಕಿವಿ ಇಟ್ಟಿರಿ?
ತುರ್ತು ಇತ್ತು ಮೇಡಂ.
ಏನು ತುರ್ತು?
ಮಟ್ಕಾ.
ಹಿಂದಿನ ಬೆಂಚು ನಕ್ಕಿತು. ಸಾಹೇಬರು ಕನ್ನಡಕ ಒರೆಸಿಕೊಂಡರು.
ಮಟ್ಕಾದಿಂದ ದೇಶಕ್ಕೇನು ಗಂಡಾಂತರ ಎಂದು ನಾನು ಕೇಳಲಿಲ್ಲ,
ಜನ ನಕ್ಕ ಮೇಲೆ ಕೇಳಬಾರದು.

ಇಷ್ಟರಲ್ಲೇ ಗೆಲ್ಲಬಹುದು. ಸೋಲಲೂಬಹುದು:
ಕದ್ದ ಮಾವು ಹಣ್ಣಾಗಿದ್ದರೆ ತಿನ್ನಬಹುದೆಂಬ ತೀರ್ಪುಗಳೂ ಇವೆ.

ಅದಕ್ಕೇ ಉಳಿದ ನಲವತ್ತೈದನ್ನೂ ಕೇಳಿದೆ,
ಪಿ.ಜೆ. ಬಡಾವಣೆಯ ಬಾಡಿಗೆ ಆಫೀಸಿನಲ್ಲಿ
ಬಾಗಿಲು ಹಾಕಿಕೊಂಡು, ಮಗನ ಇಯರ್‌ಫೋನಿನಲ್ಲಿ.
ಹೊಟ್ಟಿನ ಬಾಕಿ. ಬಿ.ಪಿ. ಗುಳಿಗೆ. ರಾಂಗ್ ನಂಬರು.
ಹಲೋ ಅನ್ನುವ ಮೊದಲು ಚಮನ್‌ಸಾಬರ ಎರಡು ಕೆಮ್ಮು.
ಮೂರನೇ ದಿನಕ್ಕೆ ಆ ಕೆಮ್ಮಿಗೆ ಕಾಯತೊಡಗಿದ್ದೆ,
ಪೊಲೀಸರೂ ಹೀಗೇ ಕಾದಿದ್ದರೇನೋ.

ಮೂವತ್ತೊಂದು. ಹದಿಮೂರರ ರಾತ್ರಿ,
ಎರಡು ಮೂವತ್ತೈದರಿಂದ ಎರಡು ನಲವತ್ತಾರು.
ಹರಿಹರದಿಂದ ಮಗಳು.
ಅವಳ ಅಳುವಿನ ಹಿಂದೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು,
ಚಟಪಟವಲ್ಲ, ಮೃದು,
ಯಾರೋ ಗಂಜಿ ಹಾಕಿದ ಸೀರೆ ಮಡಿಸುತ್ತಲೇ ಇದ್ದಂತೆ.
ಹತ್ತಿ ಗೋದಾಮಿನಲ್ಲಿ ಮಂಡಕ್ಕಿ ಅರಳುವುದಿಲ್ಲ.
ಇದೊಂದನ್ನು ಹಾಕಿ ಕೇಳಿಸಿದರೆ ಸಾಕು.

ಜೈಲಿನ ಜಾಲರಿಯ ಆಚೆ ಚಮನ್‌ಸಾಬರು ತಲೆ ಎತ್ತಲಿಲ್ಲ.
ಅದು ಬ್ಯಾಡ ಮೇಡಂ.
ನನ್ ಮಗಳು ನಂಗ್ ಹೇಳಿದ್ದು.

ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.
ನಾನು ಕೇಳಿದೆನಲ್ಲ, ಅದೇ ಹೆಚ್ಚಾಯಿತು.

ಮತ್ತೆ ಕಟಕಟೆ.
ಮೂವತ್ತೊಂದು ಕೇಳಿದಿರಾ?
ಕೇಳಿದೆ.
ಪೂರ್ತಿ?
ಪೂರ್ತಿ.
ಯಾಕೆ ಬರೆದಿಲ್ಲ?
ಕೇಸಿಗೆ ಸಂಬಂಧ ಇಲ್ಲ ಮೇಡಂ, ಎಂದ ತಿಪ್ಪೇರುದ್ರಪ್ಪನವರು
ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.
ಮುಂದಿನ ಪ್ರಶ್ನೆ ನಾಲಿಗೆಯ ಮೇಲಿತ್ತು. ಹಿಂದೆ ಕುಳಿತುಕೊಂಡೆ.

ಹಾಗಾಗಿ ತಾರೀಕಿನ ಮೇಲೇ ನಿಂತೆ.
ಹನ್ನೊಂದು, ಹದಿನಾಲ್ಕು. ಹನ್ನೊಂದು, ಹದಿನಾಲ್ಕು.
ಒಣ ವಾದ. ಸರ್ಕಾರಿ ವಕೀಲರು ಗಡಿಯಾರ ನೋಡಿದರು.
ಕರೆಗಳೆಲ್ಲ ಹೊರಗೆ ಹೋಗಲಿ ಸ್ವಾಮಿ,
ನಲವತ್ತಾರೂ, ಮುಳುಗಿಸುವುದೂ ತೇಲಿಸುವುದೂ.
ಅಂದರೆ ಆ ಮೂರು ದಿನದ ಸಂದಿಯಲ್ಲಿ
ಹನ್ನೊಂದು ನಿಮಿಷ ಅತ್ತ ಹುಡುಗಿಯೊಬ್ಬಳನ್ನು
ಕರಿ ಕೋಟಿನ ಮರೆಯಲ್ಲಿ ನಿಲ್ಲಿಸಿಕೊಂಡಿದ್ದೆ.
ಅವಳಪ್ಪನನ್ನು ಅದರಿಂದ ಉಳಿಸಿದೆನೋ ಇಲ್ಲವೋ
ಇವತ್ತಿಗೂ ಹೇಳಲಾರೆ.

ಆದೇಶಕ್ಕೆ ಇಪ್ಪತ್ತಾರನೇ ತಾರೀಕು ಕೊಟ್ಟಿದ್ದಾರೆ.
ಬೇಡದ ಕರೆಗಳನ್ನು ಆರು ತಿಂಗಳಲ್ಲಿ ಅಳಿಸಬೇಕೆಂದು ನಿಯಮ.
ಅಳಿಸಲಿ.

ನಿನ್ನೆ ಸಂಜೆ ಅಶೋಕ ರಸ್ತೆಯಲ್ಲಿ ತಿಪ್ಪೇರುದ್ರಪ್ಪ ಕಂಡರು,
ಮಫ್ತಿಯಲ್ಲಿ, ಮಂಡಕ್ಕಿ ಕಟ್ಟಿಸಿಕೊಳ್ಳುತ್ತಾ.
ನಾನೂ ಅದೇ ಗಾಡಿಯ ಮುಂದೆ ನಿಂತೆ.
ಖಾರ ಎಷ್ಟು ಎಂದು ಗಾಡಿಯವನು ಕೇಳಿದ,
ಇಬ್ಬರೂ ಕೈಯಲ್ಲೇ ತೋರಿಸಿದೆವು.